ಅಕ್ಕ ಹೇಳಲಾರದ ಮಾತು

ಗದಗ, ಎರಡು ಸಾವಿರದ ನೂರ ತೊಂಬತ್ತೊಂದನೆಯ ಇಸವಿ, ಆಷಾಢದ ಐವತ್ತೆರಡನೇ ದಿನ.

ಹಳೆಯ ಕಾಲದ ಹಿರಿಯರೇ, ನಿಮಗೆ ಶರಣಾಂಬಾಳ ಶರಣಾರ್ಥಿ. ತಾರೀಕು ನೋಡಿ ನಗಬೇಡಿ. ಮಳೆ ಬೀಳುವವರೆಗೆ ಆಷಾಢ ಮುಗಿಸಕೂಡದೆಂದು ನಮ್ಮಲ್ಲಿ ಠರಾವಾಗಿದೆ, ಈ ವರ್ಷ ಅದು ಇನ್ನೂ ಎಳೆಯುತ್ತಲೇ ಇದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಎಲ್ಲವನ್ನೂ ಬಿಡಿಸಿ ಹೇಳುವಷ್ಟು ಸಮಾಧಾನ ಇವತ್ತು ನನಗಿಲ್ಲ. ಎರಡು ಸಾಲು ಬರೆಯುವುದು, ಎದ್ದು ಬಾಗಿಲಿಗೆ ಹೋಗಿ ಓಣಿ ನೋಡುವುದು, ಬೆಳಗಿನಿಂದ ಹೀಗೇ ನಡೆದಿದೆ.

ನನ್ನ ಅಕ್ಕ ದಾನಮ್ಮ ಬೀದರಿನಲ್ಲಿದ್ದಾಳೆ. ಯುಗಾದಿಯಿಂದ ಹಾಸಿಗೆ ಹಿಡಿದಿದ್ದಾಳೆ. ಅವಳನ್ನು ಒಮ್ಮೆ ಕಣ್ಣಾರೆ ನೋಡಬೇಕು, ನನಗೆ ಬೇಕಾದದ್ದು ಇಷ್ಟೇ. ಗಾಳಿಯ ಒತ್ತಡದಿಂದ ಕಂಬಿಯ ಮೇಲೆ ಓಡುವ ಗಾಳಿಬಂಡಿ ಹತ್ತಿದರೆ ಒಂದು ಹೊತ್ತಿನ ಹಾದಿ. ಅದರ ಪೂರ್ತಿ ದರ ನನ್ನಂಥವಳ ಕೈಗೆ ಎಟಕುವುದಿಲ್ಲ. ಆದರೆ ಹಿರಿಯ ನಾಗರಿಕರ ರಿಯಾಯಿತಿ ಕಾರ್ಡು ಇದ್ದವರಿಗೆ ಬಿಟ್ಟಿ. ಮನೆಯವರ ಲೆಕ್ಕದಲ್ಲಿ ಎಂಬತ್ತೇಳು ದಾಟಿದವಳಿಗೆ ಒಂದು ಕಾರ್ಡು ಕೊಡಲು ಏನು ಅಡ್ಡಿ ಎಂದುಕೊಂಡು ಹೊರಟೆ. ನನ್ನ ಹುಚ್ಚು!

ಈಗ ಕಚೇರಿಯೆಂದರೆ ಕಟ್ಟಡವಲ್ಲ, ವಾರ್ಡುಕಟ್ಟೆ. ಬೇವಿನ ಮರದ ಕೆಳಗೆ ಕಲ್ಲು ಹಾಸಿ, ಮೇಲೆ ನೆರಳುಬಲೆ ಕಟ್ಟಿರುತ್ತಾರೆ. ಜನ ಗಡಿಗೆಯ ನೀರು ಕುಡಿಯುತ್ತ, ಒಬ್ಬರ ಮನೆಯ ಸುದ್ದಿ ಇನ್ನೊಬ್ಬರು ಆಡುತ್ತ ಸರದಿ ಕಾಯುತ್ತಾರೆ. ಕಾಗದ ಪತ್ರ ಕೇಳುವವರಿಲ್ಲ. ನಾನು ಸಣ್ಣವಳಿದ್ದಾಗ ದಾಖಲೆಗಳೆಲ್ಲ ಒಂದೇ ಸಲ ಅಳಿಸಿಹೋದವು, ಯಾರು ಎಂದು ಹುಟ್ಟಿದರೋ ಶಿವನೇ ಬಲ್ಲ. ಮೈ ನೋಡಿ ಹೇಳೋಣವೆಂದರೆ ಮೊಣಕಾಲು ಹೊಸದು, ಕಣ್ಣು ಹೊಸದು, ಹಲ್ಲಂತೂ ಮೊನ್ನೆ ಮೊನ್ನೆ ಮೊಳೆತದ್ದು. ಅದಕ್ಕೇ ಬಾಯಿಸಾಕ್ಷಿ ಎಂಬ ಪದ್ಧತಿ ಬಂತು. ನಿಮ್ಮನ್ನು ಕೂಸಾಗಿ ಕಂಡ ಹಿರಿಯರೊಬ್ಬರು ‘ಹೌದು, ಇವಳಿಗೆ ವಯಸ್ಸಾಗಿದೆ’ ಎಂದು ಕಟ್ಟೆಗೆ ಕೇಳುವಂತೆ ಹೇಳಬೇಕು. ನನ್ನನ್ನು ಕೂಸಾಗಿ ಕಂಡವರಲ್ಲಿ ಉಳಿದವಳು ಅಕ್ಕ ಒಬ್ಬಳೇ.

ನಮ್ಮ ಕಟ್ಟೆ ನೋಡಿಕೊಳ್ಳುವ ಹುಸೇನಬಿ ಒಳ್ಳೆಯ ಹೆಣ್ಣುಮಗಳು. ದೂರದವರ ಮಾತನ್ನು ಎಲ್ಲರಿಗೂ ಕೇಳಿಸುವ ದನಿಗಡಿಗೆಯಲ್ಲಿ ಬೀದರಿಗೆ ಕರೆ ಮಾಡಿ, “ದಾನಮ್ಮಾರ, ನಿಮ್ಮ ತಂಗಿಗೆ ವಯಸ್ಸಾಗೇತೇನ್ರಿ?” ಎಂದು ಕೇಳಿದಳು. ಅಕ್ಕ ನಕ್ಕಳು. “ಯಾರಿಗೆ, ನಮ್ಮ ಶರಣಿಗೇನ್ರಿ? ಅಕಿಗೆಲ್ಲಿ ವಯಸ್ಸು! ನಮ್ಮನ್ಯಾಗ ಎಲ್ಲಾರಕಿಂತ ಸಣ್ಣಾಕಿ ಅಕಿ.” ಕಟ್ಟೆಯ ತುಂಬ ನಗೆ. ಸಾಕ್ಷಿ ಬಿದ್ದುಹೋಯಿತು. ಮನೆಗೆ ಬಂದವಳೇ ಅಕ್ಕನಿಗೆ ಕರೆ ಮಾಡಿ ಬಾಯಿಗೆ ಬಂದಂತೆ ಬೈದೆ. “ನಾ ಬರಬೇಕೋ ಬ್ಯಾಡೋ? ಒಂದ್ ಮಾತು ಹೇಳಾಕ ಏನ್ ಧಾಡಿ ನಿನಗ?” ಎಂದೆ. ಹೇಳುತ್ತೇನೆಂದು ಆಣೆ ಮಾಡಿದಳು. ಮುಂದಿನ ವಾರ ಹುಸೇನಬಿ ಕೇಳಿದಾಗ “ಹೂನ್ರಿ, ಅಕಿಗೆ...” ಎಂದು ಶುರು ಮಾಡಿದವಳು ಅಲ್ಲೇ ನಿಂತಳು. ಆಮೇಲೆ, “ನನಗ ಬರೂದಿಲ್ರಿ ಆ ಮಾತು. ಅಕಿ ಉಂಡಾಳೋ ಇಲ್ಲೋ ಮದಲ ಕೇಳ್ರಿ” ಎಂದಳು. ಈ ಸಲ ಯಾರೂ ನಗಲಿಲ್ಲ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು.

ಬೇರೆ ದಾರಿಯೇ ಇಲ್ಲವೇನೇ ಎಂದು ಹುಸೇನಬಿಯ ಮೇಲೆ ಹರಿಹಾಯ್ದೆ. ಅವಳು ತಲೆ ತಗ್ಗಿಸಿ, “ಒಂದ್ ಐತ್ರಿ ಅವ್ವಾರ. ಅದನ್ನ ಕೇಳಬ್ಯಾಡ್ರಿ” ಎಂದಳು. ಕೇಳದೆ ಬಿಡುವವಳೇ ನಾನು? ಹಿರಿಯರು ಯಾರೂ ಉಳಿಯದವರಿಗೆ ಸಾಕ್ಷಿಯೇ ಬೇಕಿಲ್ಲವಂತೆ. ಕೊನೆಯ ಹಿರಿಜೀವ ಹೋದ ಸುದ್ದಿ ಕಟ್ಟೆಗೆ ಮುಟ್ಟಿದೊಡನೆ ಕಾರ್ಡು ತಾನಾಗಿಯೇ ಮನೆಗೆ ಬರುತ್ತದೆ, ಎಷ್ಟೋ ಸಲ ಮನೆಯವರಿಗೆ ಸುದ್ದಿ ತಿಳಿಯುವ ಮೊದಲೇ. ನಮ್ಮ ಆಡಳಿತ ಇದೊಂದರಲ್ಲಿ ಬಲು ಚುರುಕು, ಅದರ ಮುಖಕ್ಕೆ ಬೆಂಕಿ ಹಾಕ.

ಅಂದಿನಿಂದ ಕಾರ್ಡು ಹಂಚುವವರ ಸೈಕಲ್ ಗಂಟೆ ಓಣಿಯಲ್ಲಿ ಕೇಳಿದರೆ ಬಾಗಿಲಿಗೆ ಓಡಿ, ಅದು ನಮ್ಮ ಮನೆ ದಾಟುವವರೆಗೆ ನೋಡುತ್ತ ನಿಲ್ಲುತ್ತೇನೆ. ಕಾರ್ಡು ಬೇಕೆಂದು ಕಟ್ಟೆಯ ಕಲ್ಲು ಸವೆಸಿದವಳು, ಈಗ ಅದು ಬಾರದಿರಲಿ ಎಂದು ಕಂಡ ಕಂಡ ದೇವರಿಗೆ ಹರಕೆ ಹೊರುತ್ತಿದ್ದೇನೆ. ನಿನ್ನೆಯಿಂದ ಎಷ್ಟು ಕರೆ ಮಾಡಿದರೂ ಅಕ್ಕ ಓಗೊಡುತ್ತಿಲ್ಲ. ನಿದ್ದೆ ಹತ್ತಿರಬೇಕು. ನಿದ್ದೆಯೇ ಇರಬೇಕು. ನನಗೆ ಭಯವಾಗಿದೆ, ಇನ್ನು ಕಾಯಲಾರೆ. ಬೀದರಿಗೆ ಉಳ್ಳಾಗಡ್ಡಿ ಒಯ್ಯುವ ಸರಕುಬಂಡಿ ಇವತ್ತು ಹೊರಡುತ್ತದೆ. ಅದರಲ್ಲಿ ಮನುಷ್ಯರು ಹತ್ತಕೂಡದೆಂಬ ಕಾಯಿದೆ ಇದೆ, ಇದ್ದರೆ ಇರಲಿ. ಬಂಡಿಯವನ ಕೈಕಾಲು ಹಿಡಿದು ಒಪ್ಪಿಸಿದ್ದೇನೆ. ಚೀಲಗಳ ಮೇಲೆ ಕೂತು ದಿನಗಟ್ಟಲೆ ಹೋಗಬೇಕು, ಮೈ ನುಗ್ಗುನುರಿಯಾಗುತ್ತದೆ, ಆಗಲಿ.

ನಿಮ್ಮಲ್ಲಿಯೂ ಕಾರ್ಡಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು, ‘ಸಾಹೇಬರಿಲ್ಲ, ನಾಳೆ ಬನ್ನಿ’ ಎನ್ನಿಸಿಕೊಂಡು ಬರುವವರು ಇದ್ದಾರಂತೆ. ಅವರ ಸಂಕಟ ನನಗೆ ಗೊತ್ತು. ಅಲೆಯಿರಿ, ಬೈಯಿರಿ, ಕಾರ್ಡು ಪಡೆಯಿರಿ. ಆದರೆ ಆ ನಾಳೆಯನ್ನು ನಂಬಿ, ಹೋಗಬೇಕಾದ ಊರಿನ ಪಯಣವನ್ನು ಮುಂದಕ್ಕೆ ಹಾಕಬೇಡಿ. ನಿಮ್ಮನ್ನು ಏಕವಚನದಲ್ಲಿ ಕರೆಯುವವರು ಒಬ್ಬರಾದರೂ ಇರುವ ತನಕ, ಹೇಗಾದರೂ ಮಾಡಿ ಅವರ ಹತ್ತಿರ ಹೋಗಿ.

ಬಂಡಿಯವನು ಕೂಗುತ್ತಿದ್ದಾನೆ, ಮನೆಗೆ ಕೀಲಿ ಹಾಕಬೇಕು. ನೆರೆಮನೆಯ ಕಲ್ಲವ್ವನಿಗೆ ಹೇಳಿ ಆಗಿದೆ: “ನಾ ಇಲ್ಲದಾಗ ಕಾರ್ಡು ಬಂದರ ಇಸ್ಕೋಬ್ಯಾಡ. ಶರಣಿಗೆ ಇನ್ನೂ ವಯಸ್ಸಾಗಿಲ್ಲ ಅಂತ ಹೇಳಿ ಹೊಳ್ಳಿ ಕಳಿಸು.”