ಊಟದ ಮೇಜಿನ ಭಾಷೆ

ಅಣ್ಣನಿಗೆ ನಮಸ್ಕಾರ.

ನಾವು ಕ್ಷೇಮ. ನಮ್ಮೂರನ್ನು ಆಳಿ ಹೋದ ಫ್ರೆಂಚರ ಭಾಷೆ ಬೇಡ, ಇಂಗ್ಲಿಷೇ ಸಾಕು ಎಂದು ನಿನ್ನ ಸಮಿತಿ ಸರ್ಕಾರಿ ಶಾಲೆಗಳಲ್ಲಿ ಫ್ರೆಂಚ್ ನಿಲ್ಲಿಸಿತಲ್ಲ, ಆಮೇಲೆ ಈ ಫ್ರೆಂಚ್ ಟೀಚರ್ ಮನೆಯಲ್ಲೇ ಕೂತಿದ್ದಳು. ಮೊನ್ನೆ ಇಲ್ಲಿನ ದುಬಾರಿ ಫ್ರೆಂಚ್ ಶಾಲೆಯವರು ಪ್ರವೇಶದ ಮೌಖಿಕ ಪರೀಕ್ಷೆ ನಡೆಸಲು ನನ್ನನ್ನು ಕರೆದರು. ಅದನ್ನು ನಾನು ನಿನಗೆ ಹೇಳಿರಲಿಲ್ಲ. ನೀನೂ ನನಗೆ ಏನೂ ಹೇಳಿರಲಿಲ್ಲ.

ನಿನ್ನ ಮಗಳ ಕೈಹಿಡಿದು ಒಳಗೆ ಬಂದ ಅತ್ತಿಗೆ, ನನ್ನನ್ನು ಕಂಡು ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದರು. ಮನೆಯಲ್ಲಿ ಊಟಕ್ಕೆ ಕೂತಾಗ ಯಾವ ಭಾಷೆ ಮಾತಾಡುತ್ತೀರಿ ಎಂಬುದೇ ಇಲ್ಲಿ ಎಲ್ಲ ಮಕ್ಕಳಿಗೂ ಮೊದಲ ಪ್ರಶ್ನೆ. ನನಗಿಂತ ಚೆನ್ನಾದ ಫ್ರೆಂಚಿನಲ್ಲಿ ಅವಳು ಹೇಳಿದಳು: "ಊಟ ಮಾಡ್ತಾ ಫ್ರೆಂಚೇ ಮಾತಾಡ್ಬೇಕು ಅಂತಾರೆ ಅಪ್ಪ. ನೀವು ಬಂದು ಬೆಲ್ ಒತ್ತಿದ ಕೂಡ್ಲೇ ಇಂಗ್ಲಿಷ್, ಅತ್ತೆ."

ನಿಮ್ಮ ಬಾಗಿಲು ತೆರೆಯಲು ಅಷ್ಟು ಹೊತ್ತು ಏಕೆ ಹಿಡಿಯುತ್ತದೆ ಎಂಬ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ ಇತ್ತು.

ಅವಳಿಗೆ ಪೂರ್ತಿ ಅಂಕ ಕೊಟ್ಟಿದ್ದೇನೆ, ಗದರಬೇಡ. ಭಾನುವಾರ ನನ್ನ ಮಗನನ್ನು ಕರೆದುಕೊಂಡು ಊಟಕ್ಕೆ ಬರುತ್ತೇನೆ. ಸರ್ಕಾರಿ ಶಾಲೆಯವನು, ಕಲಿತಿದ್ದ ಫ್ರೆಂಚನ್ನು ನಿನ್ನ ದಯೆಯಿಂದ ಮರೆಯುತ್ತಿದ್ದಾನೆ. ಬೆಲ್ ಆದರೂ ಭಾಷೆ ಬದಲಾಯಿಸಬೇಡಿ.

ನಿನ್ನ ತಂಗಿ