ಇದು ಅಪ್ಪನ ಕಲ್ಲು

ಪೆರಾಸ್ತ್, ಜುಲೈ ೨೨

ಅಪ್ಪಾ,

ನಮ್ಮ ಹಿರಿಯರು ಕೊಲ್ಲಿಯಲ್ಲಿ ಕಲ್ಲು ಸುರಿದು ಕಟ್ಟಿದ ದ್ವೀಪ ಕುಸಿಯದಿರಲೆಂದು ಪ್ರತಿ ವರ್ಷ ಈ ದಿನ ಊರವರು ಕಲ್ಲು ಒಯ್ಯುವ ದೋಣಿಗಳ ಸಾಲಿನಲ್ಲಿ ಈ ಸಂಜೆ ನಿಮ್ಮದೂ ಇತ್ತು. ನೀವು ತೀರಿಹೋದ ಮೇಲೆ ಆರು ವರ್ಷ ಒಣಗಿ ಬಿರುಕುಬಿಟ್ಟಿದ್ದ ಹಲಗೆಗಳನ್ನು ನಾನೇ ಬದಲಿಸಿದ್ದೆ. ದೋಣಿಗಳನ್ನು ಒಂದಕ್ಕೊಂದು ಬಿಗಿಯುವಾಗ ಪಕ್ಕದ ಮನೆಯ ಟ್ರಿಪೊ ಮಾವ ಛೇಡಿಸಿದರು:

"ಏನಯ್ಯಾ ಎಂಜಿನಿಯರೇ, ಕಲ್ಲು ಹಾಕ್ತೀಯೋ, ನೀನೇ ಮುಳುಗ್ತೀಯೋ?"

"ಮುಳುಗಿದ್ರೂ ದ್ವೀಪಕ್ಕೇ ಲಾಭ ಬಿಡಿ, ಮಾವ."

ಒಂದು ಹನಿ ನೀರೂ ಒಳಬರಲಿಲ್ಲ. ದ್ವೀಪದ ಅಂಚಿನಲ್ಲಿ ಕಲ್ಲುಗಳನ್ನು ಒಂದೊಂದಾಗಿ ನೀರಿಗೆ ಇಳಿಸಿದೆ. ಇಪ್ಪತ್ತೆರಡರ ಹರೆಯದಲ್ಲಿ, ಕೊಲ್ಲಿಯ ಆಳದ ಲೆಕ್ಕ ತೋರಿಸಿ, ಇದು ವ್ಯರ್ಥ ಶ್ರಮವೆಂದು ನಿಮಗೆ ಸಾಧಿಸಿ ತೋರಿಸಿದ್ದೆ. ಆಮೇಲೆ ಕಲ್ಲು ಹಾಕಲು ನೀವು ನನ್ನನ್ನು ಕರೆಯಲಿಲ್ಲ, ನಾನೂ ಬರಲಿಲ್ಲ.

ಒಂದೇ ಕಲ್ಲು ಉಳಿದಾಗ ಮಾವ ಹೇಳಿದರು: "ನಿಮ್ಮಪ್ಪ ಪ್ರತಿ ವರ್ಷ ಒಂದು ಕಲ್ಲು ಹೆಚ್ಚಿಗೆ ತರ್ತಿದ್ದ ಕಣೋ. ಇದು ಮಗಂದು ಅಂತ ಕೂಗಿ ಹಾಕ್ತಿದ್ದ."

ನಾನು ಎದ್ದು ನಿಂತೆ. ಎದುರು ಬೆಟ್ಟಕ್ಕೂ ಕೇಳುವಂತೆ, "ಇದು ನಮ್ಮಪ್ಪಂದು!" ಎಂದು ಕೂಗಿ, ಕಲ್ಲನ್ನು ನೀರಿಗೆ ಬಿಟ್ಟೆ.

ನಿಮ್ಮ
ಆಂದ್ರಿಯಾ