ಅಕ್ಕ ಹೊಲಿದ ಬಿಳಿ ಅಂಗಿ

ಅಕ್ಕನಿಗೆ ನಮಸ್ಕಾರ.

ನನ್ನ ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ. ನಗದೆ ಓದು. ಈ ಅಂಚೆ ಕಾರ್ಡಿನ ಮೇಲಿರುವ ಹಳದಿ ಹೆಬ್ಬೆರಳಿನ ಗುರುತು ನನ್ನದೇ. ಕಾಮಾಲೆ ಎಂದು ಅಮ್ಮ ಹೆದರುವುದು ಬೇಡ, ಚೆನ್ನಾಗಿದ್ದೇನೆ. ಅದು ಕೆಲಸದ ಬಣ್ಣ.

ನಾನು ಕೆಲಸಕ್ಕಿರುವ ಮನೆಯ ಅಮ್ಮನವರು ಬೀದಿ ಬದಿಯ ಹೂವು, ಎಲೆ, ತೊಗಟೆ ಆರಿಸಿ ತಂದು, ಕುದಿಸಿ, ನೂಲಿಗೆ ಬಣ್ಣ ಹಾಕುತ್ತಾರೆ. ನೂಲು ಮುಗಿದರೂ ಹಂಡೆಯಲ್ಲಿ ಬಣ್ಣ ಉಳಿಯುತ್ತದೆ. ಅದನ್ನು ಚೆಲ್ಲಲು ಅವರಿಗೆ ಮನಸ್ಸು ಬಾರದು. ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಅದ್ದುತ್ತಾರೆ. ಪರದೆ, ಹಾಸಿಗೆ, ಕುರ್ಚಿಯ ಹೊದಿಕೆ, ಯಜಮಾನರು ಎಲ್ಲ ಒಂದೇ ಬಣ್ಣ. ಮೊನ್ನೆ ಕುರ್ಚಿ ಖಾಲಿ ಇದೆ ಎಂದು ನಾನು ಯಜಮಾನರ ಮೇಲೆಯೇ ಕೂರಲು ಹೋಗಿದ್ದೆ.

ಈಗ ಅಮ್ಮನವರ ಕಣ್ಣು ನೀನು ಹೊಲಿದುಕೊಟ್ಟ ಬಿಳಿ ಅಂಗಿಯ ಮೇಲೆ ಬಿದ್ದಿದೆ. "ಎಷ್ಟು ಬೋಳುಬೋಳಾಗಿ ಕಾಣ್ಸುತ್ತೋ ಇದು! ಕೊಡು, ಒಂದ್ಸಲ ಅದ್ದಿ ಕೊಡ್ತೀನಿ" ಎಂದು ದಿನವೂ ಕೇಳುತ್ತಾರೆ. ಯಜಮಾನರು ಗುಟ್ಟಾಗಿ, "ದಿಂಬಿನ ಕೆಳಗೆ ಇಟ್ಕೊಂಡು ಮಲ್ಕೋಪ್ಪ. ನನ್ನ ಮದುವೆ ಅಂಗೀನೇ ಬಿಡ್ಲಿಲ್ಲ ಇವಳು" ಎಂದರು. ನಿನ್ನ ಅಂಗಿ ಕೊಡಲು ಮನಸ್ಸಿಲ್ಲ. ಒಲ್ಲೆ ಎನ್ನಲು ಬಾಯಿ ಬರುವುದಿಲ್ಲ, ನಿನಗೆ ಗೊತ್ತಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಇಂದು ಬೆಳಿಗ್ಗೆ ಅಂಗಿಯನ್ನು ಮೈಯಿಂದ ತೆಗೆಯದೆ, ಅಮ್ಮನವರ ಎದುರೇ, ಆರಿದ ಹಂಡೆಯಲ್ಲಿ ಅದರ ಎಡತೋಳನ್ನಷ್ಟೇ ಅದ್ದಿ ತೆಗೆದೆ. ಉಳಿದದ್ದು ನೀನು ಹೊಲಿದ ಹಾಗೇ ಬೆಳ್ಳಗಿದೆ.

ನಿನ್ನ ತಮ್ಮ